ಅಗಲಿದವರ ಬದುಕನ್ನು ಬರೆದಿಡುವ ಬಗೆ: ಪಹಣಿಯಿಂದ ಪಿತೃಪಕ್ಷದ ಪಟ್ಟಿಯವರೆಗೆ

ಪತ್ರಿಕೆಯ ನಿಧನ ವಾರ್ತೆಗೆ ಒಂದು ಅಚ್ಚು ಇದೆ. ಹೆಸರು, ವಯಸ್ಸು, ಊರು, "ಕೆಲಕಾಲದಿಂದ ಅನಾರೋಗ್ಯದಿಂದ ಬಳಲುತ್ತಿದ್ದರು", "ಮೃತರಿಗೆ ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧುಬಳಗ ಇದೆ". ವರ್ಷದ ತಿಥಿಗೆ ಹಾಕಿಸುವ ಶ್ರದ್ಧಾಂಜಲಿಯಲ್ಲಿ ಇದರ ಜೊತೆಗೆ "ಸರಳ ಸಜ್ಜನಿಕೆ", "ಪರೋಪಕಾರಿ", "ತುಂಬಲಾರದ ನಷ್ಟ" ಸೇರಿಕೊಳ್ಳುತ್ತವೆ. ಈ ಮಾತುಗಳು ಸುಳ್ಳಿರಲಾರವು. ಆದರೆ ಹೆಸರು ಬದಲಿಸಿದರೆ ಪಕ್ಕದ ಮನೆಯವರಿಗೂ ಅಷ್ಟೇ ಚೆನ್ನಾಗಿ ಹೊಂದುತ್ತವೆ. ನಲವತ್ತು ವರ್ಷ ಕಳೆದು ಮರಿಮೊಮ್ಮಗಳೊಬ್ಬಳು ಅದನ್ನು ಓದಿದರೆ ಆ ಮನುಷ್ಯ ಏನು ಕೆಲಸ ಮಾಡಿಕೊಂಡಿದ್ದ, ಎಲ್ಲಿಂದ ಬಂದ, ಯಾಕೆ ಊರು ಬಿಟ್ಟ, ಒಂದೂ ತಿಳಿಯುವುದಿಲ್ಲ.

ನಮ್ಮಲ್ಲಿ ಇದಕ್ಕಿಂತ ಖಚಿತವಾಗಿ ಸತ್ತವರನ್ನು ದಾಖಲಿಸುವ ಪದ್ಧತಿ ಸಾವಿರ ವರ್ಷದ ಹಿಂದೆಯೇ ಇತ್ತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949–50ರ ಕಲ್ಲನ್ನೇ ನೋಡಿ. ಗಂಗರ ಬೂತುಗ ತನ್ನ ಸೇವಕ ಮಣಲೇರನ ಪರಾಕ್ರಮ ಮೆಚ್ಚಿ ಏನು ಬೇಕೆಂದು ಕೇಳಿದ. ಅವನು ಕಾಳಿ ಎಂಬ ನಾಯಿಯನ್ನು ಬೇಡಿದ. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಯಾರು, ಯಾರ ಕಡೆಯವರು, ಎಲ್ಲಿ, ಏನು ಮಾಡುವಾಗ ಸತ್ತರು, ಕಲ್ಲು ನಿಲ್ಲಿಸಿದವರು ಯಾರು, ಅದನ್ನು ನೋಡಿಕೊಳ್ಳಲು ಏನು ವ್ಯವಸ್ಥೆ: ವೀರಗಲ್ಲುಗಳ ಬರಹ ಸಾಮಾನ್ಯವಾಗಿ ಈ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಒಂದು ನಾಯಿಗೆ ಸಿಕ್ಕಷ್ಟು ವಿವರ ನಮ್ಮ ಅಜ್ಜಿಯರಿಗೂ ಸಿಗಬೇಕು ಎನ್ನುವುದು ಅತಿಯಾಸೆಯೇನಲ್ಲ.

ಮನೆಯ ಹಿರಿಯರಿರಲಿ, ಊರಿನ ಸೂಲಗಿತ್ತಿ, ಮೇಷ್ಟ್ರು, ನೀರುಗಂಟಿ ಇರಲಿ, ಅಂಥವರ ಬದುಕನ್ನು ಕಾಗದಪತ್ರ ಮತ್ತು ಬಾಯಿಮಾತು ಎರಡರಿಂದಲೂ ಕಟ್ಟಿ ಬರೆಯುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಮೊದಲ ಕೆಲವು ತಿಂಗಳು: ಬರೆಯುವುದಕ್ಕಿಂತ ಉಳಿಸುವುದು ಮುಖ್ಯ

ಹನ್ನೊಂದನೆಯ ದಿನವೋ ಹದಿಮೂರನೆಯ ದಿನವೋ ಮುಗಿದ ಮೇಲೆ ಮನೆ ಗುಡಿಸುವ ಉತ್ಸಾಹ ಬರುತ್ತದೆ. ಬಟ್ಟೆ ದಾನ ಹೋಗುತ್ತದೆ, ಔಷಧಿ ಚೀಟಿ ಕಸಕ್ಕೆ ಹೋಗುತ್ತದೆ, ಅದರ ಜೊತೆಗೇ ಹಳೆಯ ಟ್ರಂಕಿನ ತಳದಲ್ಲಿದ್ದ ಕಾಗದಗಳೂ ಹೋಗುತ್ತವೆ. ದಾಖಲೆ ಕಳೆದುಹೋಗುವುದು ಹೆಚ್ಚಾಗಿ ಇಲ್ಲಿಯೇ; ಗೆದ್ದಲಿನ ಸರದಿ ಆಮೇಲೆ. ಟ್ರಂಕು, ಬೀರು, ದೇವರ ಗೂಡಿನ ಹಿಂಭಾಗ, ಹಳೆಯ ಪಂಚಾಂಗಗಳ ಕಟ್ಟು, ಇವನ್ನು ಮೂರು ತಿಂಗಳು ಮುಟ್ಟಬೇಡಿ ಎಂದು ಮನೆಯವರಿಗೆ ಮೊದಲೇ ಹೇಳಿಡಬೇಕು. ಕಾಗದಗಳಿದ್ದ ಕ್ರಮವನ್ನೂ ಕದಡಬಾರದು. ಯಾವ ರಶೀದಿ ಯಾವ ಲಕೋಟೆಯಲ್ಲಿತ್ತು ಎಂಬುದೇ ಎಷ್ಟೋ ಸಲ ಅದು ಯಾವುದಕ್ಕೆ ಸಂಬಂಧಿಸಿದ್ದು ಎಂಬುದರ ಏಕೈಕ ಸುಳಿವು. ತೆಗೆಯುವ ಮೊದಲು ಮೊಬೈಲಿನಲ್ಲಿ ಇದ್ದ ಹಾಗೇ ಒಂದು ಚಿತ್ರ ತೆಗೆದುಕೊಂಡರೆ ಸಾಕು.

ಈಚೆಗೆ ತೀರಿಕೊಂಡವರ ವಿಷಯದಲ್ಲಿ ಇನ್ನೊಂದು ಟ್ರಂಕು ಇದೆ: ಅವರ ಫೋನು. ಸಿಮ್ಮನ್ನು ತೊಂಬತ್ತು ದಿನ ಬಳಸದಿದ್ದರೆ ಕಂಪನಿ ನಿಷ್ಕ್ರಿಯಗೊಳಿಸಬಹುದು, ಆಮೇಲೆ ಆ ನಂಬರು ಬೇರೆಯವರ ಪಾಲಾಗುತ್ತದೆ. ಬಳಕೆಯಿಲ್ಲದ ವಾಟ್ಸಾಪ್ ಖಾತೆ ಸಾಮಾನ್ಯವಾಗಿ 120 ದಿನಕ್ಕೆ ಅಳಿಸಿಹೋಗುತ್ತದೆ. ಆದ್ದರಿಂದ ಆರು ತಿಂಗಳಾದರೂ ರೀಚಾರ್ಜ್ ಮಾಡಿಸುತ್ತ, ಆಗಾಗ ಒಂದು ಕರೆ ಮಾಡುತ್ತ ನಂಬರನ್ನು ಜೀವಂತ ಇಡಿ. ಅಷ್ಟರಲ್ಲಿ ಫೋಟೋ, ವಾಯ್ಸ್ ಮೆಸೇಜ್, ಕಾಂಟ್ಯಾಕ್ಟ್ ಪಟ್ಟಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕಾಂಟ್ಯಾಕ್ಟ್ ಪಟ್ಟಿಯನ್ನು ಜನ ಅಲಕ್ಷಿಸುತ್ತಾರೆ. ಮುಂದೆ ಯಾರನ್ನು ಮಾತಾಡಿಸಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಟ್ಟಿ ಇನ್ನೆಲ್ಲೂ ಸಿಗುವುದಿಲ್ಲ.

ಮರಣ ನೋಂದಣಿ 21 ದಿನದೊಳಗೆ ಆಗಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶದವರೆಗೂ ಹೋಗಬೇಕಾಗುತ್ತದೆ. ಅಲ್ಲಿ ಬರೆಸುವ ಹೆಸರು ಆಧಾರಿನಲ್ಲಿ, ಜಮೀನಿನ ಪಹಣಿಯಲ್ಲಿ ಇರುವ ಹೆಸರಿಗೆ ಹೊಂದುತ್ತಿದೆಯೇ ಎಂದು ಅರ್ಜಿ ಕೊಡುವಾಗಲೇ ನೋಡಿಕೊಳ್ಳಿ. "ಪುಟ್ಟಮ್ಮ" ಮತ್ತು "ಪುಟ್ಟತಾಯಮ್ಮ" ಒಬ್ಬರೇ ಎಂದು ಆಮೇಲೆ ಸಾಬೀತು ಮಾಡುವುದು ವರ್ಷಗಟ್ಟಲೆಯ ಕೆಲಸ.

ಕಾಗದಗಳು ಹೇಳುವುದೇನು, ಎಲ್ಲಿ ದಾರಿ ತಪ್ಪಿಸುತ್ತವೆ

ಶಾಲೆಯಿಂದ ಶುರು ಮಾಡಬಹುದು. ಓದಿದ ಶಾಲೆ ಇನ್ನೂ ಇದ್ದರೆ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ದಾಖಲಾತಿ ರಿಜಿಸ್ಟರ್ ಇರುತ್ತದೆ. ತಂದೆಯ ಹೆಸರು, ಜಾತಿ, ಹುಟ್ಟಿದ ದಿನ, ಸೇರಿದ ದಿನ, ಯಾವ ತರಗತಿಗೆ ಬಿಟ್ಟರು, ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಇದರಲ್ಲಿ ನಂಬಬಾರದ್ದು ಹುಟ್ಟಿದ ದಿನ. ಮಗುವನ್ನು ಕರೆದುಕೊಂಡು ಬಂದವರಿಗೆ ತಾರೀಕು ಗೊತ್ತಿರದಿದ್ದರೆ ಮೇಷ್ಟ್ರು ಶಾಲೆ ಆರಂಭದ ದಿನಕ್ಕೆ ವಯಸ್ಸು ಸರಿಹೊಂದುವಂತೆ ಜೂನ್ 1 ಎಂದೋ ಜುಲೈ 1 ಎಂದೋ ಬರೆದುಬಿಡುತ್ತಿದ್ದರು. ಹಳೆಯ ರಿಜಿಸ್ಟರಿನಲ್ಲಿ ಜೂನ್ ಒಂದರಂದು ಊರಿನ ಅರ್ಧ ಮಕ್ಕಳು ಹುಟ್ಟಿರುವುದು ಹೀಗೆ. ಇಸವಿಯೂ ಒಂದೆರಡು ವರ್ಷ ಆಚೀಚೆ ಇರಬಹುದು. ಸೇರಿದ ದಿನ, ಬಿಟ್ಟ ದಿನ ಮಾತ್ರ ನಂಬಲರ್ಹ, ಏಕೆಂದರೆ ಅವನ್ನು ಆ ದಿನವೇ ಬರೆದದ್ದು.

ಅವತ್ತೇ ಬರೆದದ್ದು ಗಟ್ಟಿ, ಆಮೇಲೆ ನೆನಪಿನಿಂದ ಬರೆಸಿದ್ದು ಸಡಿಲ. ಎಲ್ಲ ದಾಖಲೆಯನ್ನೂ ಈ ಅಳತೆಯಲ್ಲೇ ನೋಡಬೇಕು. ಸರ್ಕಾರಿ ನೌಕರರ ಸೇವಾ ಪುಸ್ತಕ ಈ ಲೆಕ್ಕದಲ್ಲಿ ಬಂಗಾರ. ಮೊದಲ ಪುಟದಲ್ಲಿ ಎತ್ತರ, ದೇಹದ ಮೇಲಿನ ಗುರುತು, ಬೆರಳಚ್ಚು. ಒಳಗೆ ಪ್ರತಿ ವರ್ಗಾವಣೆ, ಪ್ರತಿ ಬಡ್ತಿ, ಪ್ರತಿ ಗಳಿಕೆ ರಜೆ. ತಾತ ಯಾವ ಇಸವಿಯಲ್ಲಿ ಎರಡು ತಿಂಗಳು ರಜೆ ಹಾಕಿದ್ದರು ಎಂದು ಗೊತ್ತಾದರೆ ಆ ಎರಡು ತಿಂಗಳಲ್ಲಿ ಮನೆಯಲ್ಲಿ ಏನಾಗಿತ್ತು ಎಂದು ಕೇಳಲು ದಾರಿ ತೆರೆಯುತ್ತದೆ.

ಜಮೀನಿದ್ದ ಮನೆಗಳಿಗೆ ಕಂದಾಯ ದಾಖಲೆಗಳೇ ವಂಶಚರಿತ್ರೆ. ಪಹಣಿಯ ಒಂಬತ್ತನೆಯ ಕಾಲಂನಲ್ಲಿ ಹಕ್ಕುದಾರರ ಹೆಸರು, ಹತ್ತನೆಯದರಲ್ಲಿ ಅದು ಹೇಗೆ ಬಂತು, ಹನ್ನೊಂದರಲ್ಲಿ ಸಾಲ ಮತ್ತು ಇತರ ಹಕ್ಕುಗಳು, ಹನ್ನೆರಡರಲ್ಲಿ ಸಾಗುವಳಿ ಮಾಡುತ್ತಿದ್ದವರು ಮತ್ತು ಬೆಳೆ. ಕಂಪ್ಯೂಟರ್ ಪಹಣಿ ಇತ್ತೀಚಿನದನ್ನಷ್ಟೇ ಹೇಳುತ್ತದೆ. ಹಿಂದಕ್ಕೆ ಹೋಗಬೇಕಾದರೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಸರ್ವೆ ನಂಬರು ಹಾಗೂ ವರ್ಷಗಳನ್ನು ನಮೂದಿಸಿ ಕೈಬರಹದ ಪಹಣಿ ಮತ್ತು ಮ್ಯುಟೇಶನ್ (ಖಾತೆ ಬದಲಾವಣೆ) ರಿಜಿಸ್ಟರಿನ ದೃಢೀಕೃತ ನಕಲಿಗೆ ಅರ್ಜಿ ಕೊಡಬೇಕು. ಸಿಗದಿದ್ದರೆ ಬಾಯಿಮಾತಿನಲ್ಲಿ "ಇಲ್ಲ" ಎಂದದ್ದನ್ನು ಒಪ್ಪದೆ, ದಾಖಲೆ ಅಲಭ್ಯ ಎಂಬ ಹಿಂಬರಹ ಕೇಳಿ. ಹಿಂಬರಹ ಬರೆಯಬೇಕಾದಾಗ ಎಷ್ಟೋ ಸಲ ಇನ್ನೊಮ್ಮೆ ಹುಡುಕುತ್ತಾರೆ, ಆಗ ದಾಖಲೆ ಸಿಗುವುದೂ ಉಂಟು.

ಓದುವಾಗ ಎರಡು ಕಡೆ ಎಡವುತ್ತಾರೆ. ಮೊದಲನೆಯದು ಪೌತಿ ಖಾತೆ. ಅಪ್ಪ ಸತ್ತು ಮಕ್ಕಳ ಹೆಸರಿಗೆ ಖಾತೆಯಾದ ದಿನ ಅಪ್ಪ ಸತ್ತ ದಿನವಲ್ಲ. ನಡುವೆ ಹತ್ತು, ಇಪ್ಪತ್ತು ವರ್ಷವೂ ಕಳೆದಿರಬಹುದು. ಸಾಲ ಬೇಕಾದಾಗಲೋ ಪಾಲು ಬೇಕಾದಾಗಲೋ ಮಾಡಿಸಿರುತ್ತಾರೆ. ಆ ದಿನಾಂಕದಿಂದ ತಿಳಿಯುವುದು ಇಷ್ಟೇ: ಅವರು ಅದಕ್ಕಿಂತ ಮೊದಲು ತೀರಿಕೊಂಡಿದ್ದರು. ಎರಡನೆಯದು ಹೆಸರಿನ ನಡುವಿನ ಪದ. "ರಾಮಪ್ಪ ಬಿನ್ ಕೆಂಚಪ್ಪ" ಎಂದರೆ ಕೆಂಚಪ್ಪನ ಮಗ ರಾಮಪ್ಪ, "ಗೌರಮ್ಮ ಕೋಂ ಸಿದ್ದಪ್ಪ" ಎಂದರೆ ಸಿದ್ದಪ್ಪನ ಹೆಂಡತಿ ಗೌರಮ್ಮ. ಒಂದೇ ಊರಲ್ಲಿ ನಾಲ್ಕು ರಾಮಪ್ಪರಿದ್ದರೆ ಬಿನ್ ನಂತರದ ಹೆಸರೇ ಆಧಾರ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ರಾಮಪ್ಪ ಬಿನ್ ಕೆಂಚಪ್ಪ, ಕೆಂಚಪ್ಪ ಬಿನ್ ರಾಮಪ್ಪ, ಮತ್ತೆ ರಾಮಪ್ಪ ಬಿನ್ ಕೆಂಚಪ್ಪ ಬರುತ್ತಾರೆ. ಇಬ್ಬರು ರಾಮಪ್ಪರನ್ನು ಒಬ್ಬನೆಂದುಕೊಂಡರೆ ಒಬ್ಬ ಮನುಷ್ಯ ನೂರಿಪ್ಪತ್ತು ವರ್ಷ ಬದುಕಿದಂತಾಗುತ್ತದೆ.

ಜಮೀನಿಲ್ಲದೆ ಗೇಣಿಗೆ ಮಾಡುತ್ತಿದ್ದವರ ಪಾಲಿಗೆ ದೊಡ್ಡ ಆಕರ ಭೂ ನ್ಯಾಯ ಮಂಡಳಿಯ ಕಡತ. ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ತಾವು ಉಳುತ್ತಿದ್ದ ಜಮೀನಿನ ಹಕ್ಕು ಕೇಳಿ ನಮೂನೆ 7ರಲ್ಲಿ ಅರ್ಜಿ ಕೊಟ್ಟರು, ಕೊನೆಯ ದಿನ ಮುಂದೆ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ಕರಾವಳಿಯವರು ಇದನ್ನು ಇವತ್ತಿಗೂ "ಡಿಕ್ಲರೇಶನ್" ಎಂದೇ ಕರೆಯುತ್ತಾರೆ. ಆ ಕಡತದಲ್ಲಿ ಗೇಣಿದಾರರ ಹೇಳಿಕೆ ಇರುತ್ತದೆ: ಯಾವ ಇಸವಿಯಿಂದ ಮಾಡುತ್ತಿದ್ದೇನೆ, ಮೊದಲು ಅಪ್ಪ ಮಾಡುತ್ತಿದ್ದ, ಧಣಿ ಇಂಥವರು, ಗೇಣಿ ಇಷ್ಟು ಮುಡಿ ಅಕ್ಕಿ, ಸಾಕ್ಷಿ ಹೇಳಲು ಬಂದ ಅಕ್ಕಪಕ್ಕದವರು ಇಂಥವರು. ಓದು ಬರಹ ಬಾರದ ಒಬ್ಬ ರೈತನ ಬಾಯಿಮಾತು ಸರ್ಕಾರಿ ಕಾಗದದ ಮೇಲೆ ಅವನ ಹೆಬ್ಬೆಟ್ಟಿನ ಸಮೇತ ಉಳಿದ ಜಾಗ ಇದಕ್ಕಿಂತ ಬೇರೆ ಹೆಚ್ಚೇನೂ ಇಲ್ಲ. ಆದೇಶದ ಪ್ರತಿ ಮನೆಯಲ್ಲಿದ್ದರೆ ಅದರ ಮೇಲಿನ ಕೇಸಿನ ನಂಬರು ಹಿಡಿದು ಇಡೀ ಕಡತದ ನಕಲು ಕೇಳಿ.

ಭಾಷೆಯ ತೊಡಕೂ ಇದೆ. ಕಲಬುರಗಿ, ಬೀದರ್, ರಾಯಚೂರು ಕಡೆಯ ಹಳೆಯ ಕಾಗದ ಉರ್ದುವಿನಲ್ಲಿ, ಫಸಲಿ ಎಂಬ ಕಂದಾಯ ವರ್ಷದಲ್ಲಿ ಇರುತ್ತದೆ. ಫಸಲಿಗೆ 590 ಕೂಡಿಸಿದರೆ ಇಸವಿ. ಫಸಲಿ 1357 ಎಂದರೆ 1947–48. ಬೆಳಗಾವಿ, ಧಾರವಾಡ, ವಿಜಯಪುರ ಕಡೆಯಲ್ಲಿ ಮೋಡಿ ಲಿಪಿಯ (ಮರಾಠಿಯ ಹಳೆಯ ಕೂಡುಬರಹ) ಕಾಗದ ಬರಬಹುದು. ಓದಲು ಬಾರದ ಕಾಗದವನ್ನು "ಇದೇನೋ ಹಳೇ ಲೆಕ್ಕ" ಎಂದು ಬಿಸಾಡದೆ ಚಿತ್ರ ತೆಗೆದು ಓದಬಲ್ಲವರಿಗೆ ಕಳಿಸಬೇಕು. ಕ್ರೈಸ್ತ ಮನೆಗಳವರ ಕೆಲಸ ಇದ್ದುದರಲ್ಲಿ ಸುಲಭ: ಚರ್ಚಿನ ದೀಕ್ಷಾಸ್ನಾನ, ವಿವಾಹ, ಸಮಾಧಿ ರಿಜಿಸ್ಟರುಗಳನ್ನು ಘಟನೆ ನಡೆದಾಗಲೇ ಬರೆದಿರುತ್ತಾರೆ.

ತಿಥಿಯಿಂದ ತಾರೀಕಿಗೆ

"ಅಜ್ಜ ಹೋಗಿದ್ದು ಭಾದ್ರಪದ ಬಹುಳ ತದಿಗೆ" ಎನ್ನುವವರಿಗೆ ಇಸವಿ ನೆನಪಿರುವುದಿಲ್ಲ. ಪ್ರತಿ ವರ್ಷ ತಿಥಿ ಮಾಡಬೇಕಾದ್ದರಿಂದ ಮಾಸ, ಪಕ್ಷ, ತಿಥಿ ಉಳಿಯುತ್ತದೆ. ಇಸವಿಗೆ ಅಲ್ಲಿ ಕೆಲಸವಿಲ್ಲ. ಸಂವತ್ಸರದ ಹೆಸರು ಗೊತ್ತಿದ್ದರೆ ಅರ್ಧ ಗೆದ್ದಂತೆ. ಪ್ರಭವ 1927–28 ಮತ್ತು 1987–88. ಅಲ್ಲಿಂದ ಎಣಿಸುತ್ತ ಹೋದರೆ ಸರ್ವಜಿತ್ 1947–48, ರಕ್ತಾಕ್ಷಿ 1924–25 ಮತ್ತು 1984–85. ಅರವತ್ತು ವರ್ಷಕ್ಕೆ ಚಕ್ರ ತಿರುಗುವುದರಿಂದ ಯಾವ ಸುತ್ತು ಎಂಬುದನ್ನು ಬೇರೆ ಸುಳಿವಿನಿಂದ ನಿರ್ಧರಿಸಬೇಕು. ಹಳೆಯ ಮೈಸೂರಿನವರು "ಧಾತು ಈಶ್ವರದ ಬರ" ಎನ್ನುವುದು 1876–78ರ ಕ್ಷಾಮವನ್ನು.

ಸಂವತ್ಸರ, ಮಾಸ, ಪಕ್ಷ, ತಿಥಿ ಸಿಕ್ಕ ಮೇಲೆ ಆ ವರ್ಷದ ಪಂಚಾಂಗದಲ್ಲೋ ಹಿಂದಿನ ವರ್ಷಗಳನ್ನು ತೋರಿಸುವ ಪಂಚಾಂಗದ ಆ್ಯಪ್‌ನಲ್ಲೋ ತಾರೀಕು ನೋಡಬಹುದು. ಆಮೇಲೆ ವಾರ ಕೇಳಿ ತಾಳೆ ಹಾಕಿ. "ಸೋಮವಾರ ಸಂತೆ ದಿನ ಹೋದರು" ಎಂಬಂಥ ನೆನಪು ಬಹಳ ಗಟ್ಟಿ. ಒಂದು ದಿನ ಹೆಚ್ಚುಕಡಿಮೆ ಬಂದರೆ ಗಾಬರಿ ಬೇಡ: ಪಂಚಾಂಗದ ದಿನಕ್ಕೆ ಸೂರ್ಯೋದಯದ ತಿಥಿಯ ಹೆಸರು, ಸಾವಿಗೆ ಆ ಗಳಿಗೆಯ ತಿಥಿ. ಎರಡಕ್ಕಿಂತ ಹೆಚ್ಚು ದಿನ ವ್ಯತ್ಯಾಸ ಬಂದರೆ ವರ್ಷವೇ ತಪ್ಪಿರಬಹುದು, ಅಥವಾ ಅದು ಅಧಿಕ ಮಾಸ. ಉತ್ತರ ಭಾರತದ ಪಂಚಾಂಗ ಬಳಸಿದರೆ ಬಹುಳ ಪಕ್ಷದ ತಿಥಿ ಮುಂದಿನ ಮಾಸದ ಹೆಸರಿನಲ್ಲಿ ಕಾಣುತ್ತದೆ. ನಮ್ಮದು ಅಮಾವಾಸ್ಯೆಗೆ ಮುಗಿಯುವ ತಿಂಗಳು.

ಯಾವ ಲೆಕ್ಕವೂ ಇಲ್ಲದಿದ್ದಾಗ ಊರಿನ ಘಟನೆಗಳೇ ಕ್ಯಾಲೆಂಡರು. ಮಾತಾಡಿಸಲು ಹೋಗುವ ಮೊದಲು ಆ ಸೀಮೆಗೆ ತಕ್ಕ ಪಟ್ಟಿ ಮಾಡಿಕೊಂಡಿರಬೇಕು. ಹಳೆಯ ಮೈಸೂರಿಗೆ ನಾಲ್ವಡಿಯವರು ತೀರಿಕೊಂಡ 1940ರ ಆಗಸ್ಟ್. ಹೈದರಾಬಾದ್ ಸೀಮೆಗೆ ರಜಾಕಾರರ ಹಾವಳಿ ಮತ್ತು 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ. ಬೆಳಗಾವಿ ಕಡೆಗೆ 1924ರ ಕಾಂಗ್ರೆಸ್ ಅಧಿವೇಶನ, 1967ರ ಡಿಸೆಂಬರಿನ ಕೊಯ್ನಾ ಭೂಕಂಪ, 1972ರ ಬರ. ಸಾಗರ, ಹೊಸನಗರದವರಿಗೆ ಲಿಂಗನಮಕ್ಕಿ ಮುಳುಗಡೆ. ಬಂಟ್ವಾಳಕ್ಕೆ 1974ರ ನೆರೆ. ಎಲ್ಲರಿಗೂ ಆಗುವಂಥವು ನಯಾಪೈಸೆ ಬಂದ 1957, ಅಂಕೋಲೆಯಿಂದ ರಾಯಚೂರಿನವರೆಗೆ ಹಗಲೇ ಕತ್ತಲಾದ 1980ರ ಫೆಬ್ರವರಿ 16ರ ಗ್ರಹಣ. "ಆಗ ನಿಮ್ಮ ಕಂಕುಳಲ್ಲಿ ಯಾವ ಮಗು ಇತ್ತು?" ಎಂದು ಕೇಳಿದರೆ ಉತ್ತರ ತಟ್ಟನೆ ಬರುತ್ತದೆ.

ಲೆಕ್ಕ ಹೇಗೆ ಕೂಡಿಬರುತ್ತದೆ ಎಂಬುದಕ್ಕೆ ಒಂದು ಮಾದರಿ. ಒಬ್ಬ ಅಜ್ಜಿಯ ಹಿರಿಯ ಮಗ ಶಾಲಾ ದಾಖಲೆಯಂತೆ ಹುಟ್ಟಿದ್ದು 1952. ಅವನಿಗೆ ಮೊದಲು ಒಂದು ಮಗು ಹುಟ್ಟಿ ಹೋಗಿತ್ತು, ಅಂದರೆ ಮೊದಲ ಹೆರಿಗೆ 1949–50. ಮದುವೆಯಾಗಿ ಎರಡು ವರ್ಷಕ್ಕೆ ಹೆರಿಗೆ ಎನ್ನುತ್ತಾರೆ, ಮದುವೆ 1947–48. "ಸ್ವಾತಂತ್ರ್ಯ ಬಂದ ವರ್ಷ ಮದುವೆ" ಎಂಬ ಇನ್ನೊಬ್ಬರ ಮಾತು ಇದಕ್ಕೆ ಕೂಡುತ್ತದೆ. ಮದುವೆಯಲ್ಲಿ ಹದಿನಾಲ್ಕು ಎಂದರೆ ಹುಟ್ಟಿದ್ದು 1933–34. ಆದರೆ 1995ರ ಮತದಾರರ ಪಟ್ಟಿ ವಯಸ್ಸು 65 ಎನ್ನುತ್ತದೆ, ಅಂದರೆ 1930. ಮತದಾರರ ಪಟ್ಟಿಯಲ್ಲಿ ಐದು, ಹತ್ತರಿಂದ ಕೊನೆಯಾಗುವ ವಯಸ್ಸು ಬಹುತೇಕ ಅಂದಾಜು. "1930 ಮತ್ತು 1934ರ ನಡುವೆ, ಬಹುಶಃ 1933" ಎಂದು ಬರೆದು ಪಕ್ಕದಲ್ಲಿ ಆಧಾರ ನಮೂದಿಸಿ. "1933" ಎಂದಷ್ಟೇ ಬರೆದರೆ ಮುಂದಿನವರು ಅದನ್ನು ಖಚಿತವೆಂದೇ ನಂಬುತ್ತಾರೆ.

ಹೆಣ್ಣುಮಕ್ಕಳು ಎಲ್ಲಿ ಸಿಗುತ್ತಾರೆ

ವಂಶವೃಕ್ಷ ಬರೆಯುವವರು ಗಂಡುಮಕ್ಕಳ ಸಾಲನ್ನು ಎಂಟು ತಲೆಮಾರು ಏರಿಸಿ, ಹೆಂಡಿರ ಹೆಸರಿನ ಜಾಗದಲ್ಲಿ ಗೆರೆ ಎಳೆದುಬಿಡುತ್ತಾರೆ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಕೂಡ ಆಸ್ತಿಗಾಗಿ ಮಾಡಿಸಿದ್ದು, ಬದುಕಿಗಾಗಿ ಮಾಡಿಸಿದ್ದಲ್ಲ. ಚಿಕ್ಕಂದಿನಲ್ಲೇ ಹೋದ ಮಕ್ಕಳು ಅದರಲ್ಲಿ ಇರುವುದು ಅಪರೂಪ. ಮದುವೆಯಲ್ಲಿ ಹೆಸರು ಬದಲಿಸುವ ರೂಢಿಯಿದ್ದ ಮನೆಗಳಲ್ಲಿ ಒಬ್ಬಳೇ ಹೆಣ್ಣುಮಗಳು ತವರಿನ ದಾಖಲೆಯಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು.

ಹುಡುಕಬೇಕಾದ ಜಾಗಗಳು ಬೇರೆ. ಹಕ್ಕು ಬಿಡುಗಡೆ ಪತ್ರ ಮೊದಲನೆಯದು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾನೂನು ಬಂದ ಮೇಲೆ ಅಕ್ಕತಂಗಿಯರಿಂದ ಸಹಿ ಹಾಕಿಸಿಕೊಳ್ಳುವುದು ಹೆಚ್ಚಾಯಿತು. ಸಹಿ ಹಾಕಿಸಿಕೊಂಡ ಉದ್ದೇಶ ಏನೇ ಇರಲಿ, ಆ ಪತ್ರದಲ್ಲಿ ಎಲ್ಲ ಹೆಣ್ಣುಮಕ್ಕಳ ಹೆಸರು, ವಯಸ್ಸು, ಗಂಡನ ಹೆಸರು, ಊರು ಸಾಲಾಗಿ ಸಿಗುತ್ತದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಋಣಭಾರ ಪತ್ರ (ಇ.ಸಿ., ಆಸ್ತಿಯ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ) ತೆಗೆಸಿದರೆ ಅಂಥ ಪತ್ರಗಳ ನಂಬರು ಗೊತ್ತಾಗುತ್ತದೆ, ಆಮೇಲೆ ಪ್ರತಿ ಪಡೆಯಬಹುದು.

ಎರಡನೆಯದು ಪಿತೃಪಕ್ಷದ ಪಟ್ಟಿ. ವರ್ಷದ ಶ್ರಾದ್ಧದಲ್ಲಿ ಹೇಳುವುದು ಮೂರು ತಲೆಮಾರು ಮಾತ್ರ. ಮುತ್ತಜ್ಜನಿಂದಾಚೆ ಹೆಸರು ಮರೆಯಲು ಇದೂ ಒಂದು ಕಾರಣ. ಮಹಾಲಯದಲ್ಲಿ ಹಾಗಲ್ಲ. ತಾಯಿಯ ಕಡೆಯವರು, ಸೋದರತ್ತೆ, ಸೋದರಮಾವ, ಅಕ್ಕತಂಗಿ, ಮಾವ ಅತ್ತೆ, ಗುರು, ಗೆಳೆಯ, ಎಲ್ಲರಿಗೂ ತರ್ಪಣ ಉಂಟು. ಆದ್ದರಿಂದ ಆಚರಿಸುವ ಮನೆಗಳಲ್ಲಿ ಗೋತ್ರ ಸಮೇತ ಹೆಸರುಗಳ ಚೀಟಿ ಒಂದಿರುತ್ತದೆ. ಇಲ್ಲದಿದ್ದರೆ ಪುರೋಹಿತರ ಹತ್ತಿರ ಇರಬಹುದು. ಹಿಂದಿನ ಕೈಬರಹದ ಚೀಟಿಗಳನ್ನೂ ಬಿಡಬೇಡಿ. ಯಾವ ಹೆಸರು ಯಾವಾಗ ಸೇರಿತು ಎಂಬುದರಿಂದ ಸಾವಿನ ಕ್ರಮ ತಿಳಿಯುತ್ತದೆ.

ಉತ್ತರ ಕರ್ನಾಟಕದಲ್ಲಿ ಹೆಳವರನ್ನು ಕೇಳದೆ ವಂಶಾವಳಿ ಪೂರ್ತಿಯಾಗದು. ಎತ್ತಿನ ಮೇಲೆ ಬಂದು ಬೆಳಗಿನ ಜಾವ ಬಾಗಿಲಲ್ಲಿ ಮನೆತನದ ಹೆಸರುಗಳನ್ನು ಹೊಗಳಿ ಹಾಡುತ್ತಿದ್ದ ಇವರ ಹತ್ತಿರ ಮೂಲ ಊರು, ಬೆಡಗು (ಕುಲದ ಒಳಪಂಗಡ), ವಲಸೆ, ತಲೆಮಾರುಗಳ ಬರವಣಿಗೆ ಇರುತ್ತದೆ. ಪ್ರತಿ ಹೆಳವ ಕುಟುಂಬಕ್ಕೂ ಅದರದೇ ಮನೆಗಳು, ಅದರದೇ ಊರುಗಳು. ಬಂದಾಗ ಹೊಸ ಹುಟ್ಟು, ಮದುವೆಗಳನ್ನು ಬರೆದುಕೊಂಡು ಹೋಗುತ್ತಾರೆ. ಕಾಳು, ಬಟ್ಟೆ, ಹಣ ಕೊಡುವುದು ರೂಢಿ, ಅದು ಅವರ ಸಂಪಾದನೆ, ಚೌಕಾಸಿ ಮಾಡಬಾರದು. ಅನುಮತಿ ಕೇಳಿ ಹಾಡನ್ನು ಧ್ವನಿಮುದ್ರಿಸಿಕೊಳ್ಳಿ, ಪುಟಗಳ ಚಿತ್ರ ತೆಗೆಯಿರಿ. ಹತ್ತಿರದ ನಾಲ್ಕೈದು ತಲೆಮಾರು ಸಾಮಾನ್ಯವಾಗಿ ಪಹಣಿಗೆ ತಾಳೆಯಾಗುತ್ತದೆ, ಅದಕ್ಕೂ ಹಿಂದಿನದನ್ನು ಹೇಳಿಕೆಯೆಂದೇ ಬರೆಯಬೇಕು. ಹೆಂಗಸರ ಹೆಸರು ಇಲ್ಲೂ ಕಡಿಮೆ. ನೀವು ಕೊಡುವ ಹೊಸ ಹೆಸರುಗಳಲ್ಲಿ ಹೆಣ್ಣುಮಕ್ಕಳನ್ನೂ ಬರೆಸುವುದು ನಿಮ್ಮ ಕೈಯಲ್ಲಿದೆ.

ಕೇಳುವುದು ಹೇಗೆ

"ಅವರು ಎಂಥವರು?" ಎಂದು ಕೇಳಿದರೆ "ದೇವರಂಥವರು" ಎಂಬ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಬೆಳಿಗ್ಗೆ ಎಷ್ಟಕ್ಕೆ ಏಳುತ್ತಿದ್ದರು? ನೀರು ಎಲ್ಲಿಂದ ತರುತ್ತಿದ್ದರು, ದಿನಕ್ಕೆ ಎಷ್ಟು ಕೊಡ? ಮೊದಲ ಸಂಬಳ ಯಾರ ಕೈಗೆ ಕೊಟ್ಟರು? ಯಾರ ಜೊತೆ ಮಾತು ಬಿಟ್ಟಿದ್ದರು? ಕೋಪ ಬಂದರೆ ಏನು ಮಾಡುತ್ತಿದ್ದರು? ಸಾರಿಗೆ ಏನು ಹಾಕುತ್ತಿದ್ದರು, ಏನು ಹಾಕುತ್ತಿರಲಿಲ್ಲ? ಇಂಥವನ್ನು ಕೇಳಬೇಕು. ಸೂತಕದ ಮನೆಯಲ್ಲಿ ರೆಕಾರ್ಡರ್ ಹಿಡಿದು ಕೂರುವುದು ಸಲ್ಲ. ಅಲ್ಲಿ ಮಾಡಬೇಕಾದ್ದು ಬಂದವರ ಹೆಸರು, ಊರು, ಫೋನ್ ನಂಬರು ಬರೆದುಕೊಳ್ಳುವುದಷ್ಟೇ. ಎರಡು ತಿಂಗಳ ಮೇಲೆ ಅವರವರ ಮನೆಗೆ ಹೋಗಬಹುದು. ಅತಿ ಹಿರಿಯರಿಂದ ಶುರು ಮಾಡಿ. ಇಬ್ಬರನ್ನು ಒಟ್ಟಿಗೆ ಕೂರಿಸಿದರೆ ಜೋರು ಮಾತಿನವರ ನೆನಪೇ ಇಬ್ಬರ ನೆನಪೂ ಆಗಿಬಿಡುತ್ತದೆ. ಮೊದಲು ಒಬ್ಬೊಬ್ಬರನ್ನೇ ಮಾತಾಡಿಸಿ, ಆಮೇಲೆ ಬೇಕಾದರೆ ಒಟ್ಟಿಗೆ.

ಧ್ವನಿಮುದ್ರಣಕ್ಕೆ ಮೊಬೈಲು ಸಾಕು. ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಮಾತಾಡುವವರಿಂದ ಒಂದು ಮೊಳ ದೂರದಲ್ಲಿ, ಮೇಜಿನ ಮೇಲೆ ಮಡಿಸಿದ ಟವೆಲ್ ಹಾಸಿ ಇಡಿ. ಫ್ಯಾನು ನಿಲ್ಲಿಸಿ, ಆಮೇಲೆ ಕೇಳುವಾಗ ಮಾತನ್ನು ನುಂಗುವುದು ಫ್ಯಾನೇ. ಶುರುವಿನಲ್ಲಿ ತಾರೀಕು, ಊರು, ಯಾರು ಯಾರನ್ನು ಮಾತಾಡಿಸುತ್ತಿದ್ದಾರೆ ಎಂದು ಬಾಯಲ್ಲೇ ಹೇಳಿ. ಮುಕ್ಕಾಲು ಗಂಟೆಗೆ ನಿಲ್ಲಿಸಿ, ಬೇಕಾದರೆ ಇನ್ನೊಂದು ದಿನ ಹೋಗಿ.

ಕಾಗದವೇ ಇಲ್ಲದವರ ಬದುಕಿಗೆ ಬಾಯಿಮಾತೇ ಮುಖ್ಯ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಪ್ರಶಸ್ತಿ ಬಾರದ ನೂರಾರು ಸೂಲಗಿತ್ತಿಯರಿಗೆ ಅವರ ಕೈಯಲ್ಲಿ ಹುಟ್ಟಿದವರೇ ದಾಖಲೆ. ಊರಿನ ಸೂಲಗಿತ್ತಿಯ ಬದುಕು ಬರೆಯುವವರು ಮನೆಮನೆಗೆ ಹೋಗಿ ಯಾವ ಮಗು, ಯಾವ ವರ್ಷ, ಏನು ಕೊಟ್ಟಿರಿ ಎಂದು ಪಟ್ಟಿ ಮಾಡಿದರೆ ಆಕೆಯ ದುಡಿಮೆಯ ಉದ್ದಗಲ ತಾನಾಗಿ ಕಾಣುತ್ತದೆ. ಜೀತದಲ್ಲಿದ್ದವರಿಗೆ 1976ರ ಕಾಯ್ದೆಯಡಿ ಕೊಟ್ಟ ಬಿಡುಗಡೆ ಪತ್ರ, ಬೀಡಿ ಕಟ್ಟುತ್ತಿದ್ದವರಿಗೆ ಭವಿಷ್ಯನಿಧಿಯ ಕಾಗದ, ರೇಷನ್ ಕಾರ್ಡು, ಸಂಘದ ಸದಸ್ಯತ್ವದ ರಶೀದಿ ಇರಬಹುದು. ಚಿಕ್ಕ ಕಾಗದವೆಂದು ಬಿಡಬಾರದು.

ಫೋಟೋ, ಸಮಾಧಿ ಕಲ್ಲು

ಫೋಟೋದ ದೊಡ್ಡ ಸಮಸ್ಯೆ ಹೆಸರಿಲ್ಲದಿರುವುದು. ಗುಂಪಿನ ಚಿತ್ರದ ಜೆರಾಕ್ಸ್ ತೆಗೆದು, ತಲೆಗಳಿಗೆ ನಂಬರು ಹಾಕಿ, ಆ ಪ್ರತಿಯನ್ನು ಹಿರಿಯರಿಗೆ ತೋರಿಸಿ. ಕನ್ನಡಕ ಹಾಕಿಕೊಂಡೂ ಕಾಣದವರಿಗೆ ಟ್ಯಾಬಿನಲ್ಲಿ ದೊಡ್ಡದು ಮಾಡಿ ತೋರಿಸಿ. ಮೂಲ ಚಿತ್ರದ ಹಿಂದೆ ಬಾಲ್ ಪೆನ್ನಿನಲ್ಲಿ ಬರೆದರೆ ಗೀರು ಮುಂದಕ್ಕೆ ಮೂಡುತ್ತದೆ, ಮೃದು ಪೆನ್ಸಿಲ್ ಬಳಸಿ. ಸ್ಕ್ಯಾನ್ 600 ಡಿಪಿಐಗೆ ಇರಲಿ. ಪಾಸ್‌ಪೋರ್ಟ್ ಅಳತೆಯದಾದರೆ 1200. ಮಾಲೆಯ ಒದ್ದೆ, ಕುಂಕುಮ, ಊದಿನಕಡ್ಡಿಯ ಮಸಿ ಗೋಡೆಯ ಚಿತ್ರವನ್ನು ಒಳಗಿಂದೊಳಗೇ ಹಾಳು ಮಾಡುತ್ತವೆ, ಹಾಗಾಗಿ ಪೂಜೆಗೆ ಪ್ರತಿಯನ್ನಿಟ್ಟು ಮೂಲವನ್ನು ಒಳಗಿಡುವುದು ಮೇಲು. ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಚಿತ್ರದ ಪದರವೇ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಸಮೇತ, ಫ್ಲ್ಯಾಶ್ ಇಲ್ಲದೆ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ತೆಗೆಯಿರಿ. ಹಳೆಯ ಕಾಗದಕ್ಕಾಗಲಿ ಫೋಟೋಗಾಗಲಿ ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ. ಒಮ್ಮೆ ಹಾಕಿದರೆ ತೆಗೆಯಲಾಗದು.

ಸಮಾಧಿ ಕಲ್ಲಿನ ಸವೆದ ಅಕ್ಷರ ಓದಲು ಸೀಮೆಸುಣ್ಣ, ಎಣ್ಣೆ, ಬಣ್ಣ ಬಳಿಯುವವರಿದ್ದಾರೆ. ಅದರಿಂದ ಕಲ್ಲು ಇನ್ನಷ್ಟು ಸವೆಯುತ್ತದೆ, ತಪ್ಪಾಗಿ ತುಂಬಿದ ಅಕ್ಷರವೇ ಖಾಯಂ ಆಗುತ್ತದೆ. ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದರ ಮೇಲೆ ಓರೆ ಬಿಸಿಲಿನಲ್ಲಿ ನೋಡಿ, ಇಲ್ಲವೇ ಕನ್ನಡಿಯಿಂದ ಬೆಳಕನ್ನು ಪಕ್ಕಕ್ಕೆ ತಿರುಗಿಸಿ. ನೀರು ಚಿಮುಕಿಸಿದರೆ ಇನ್ನೂ ಸ್ವಲ್ಪ ಸ್ಪಷ್ಟವಾಗುತ್ತದೆ.

ಬರೆಯುವುದು, ಇಡುವುದು

ಬರೆಯುವ ಮೊದಲು ಒಂದು ಪಟ್ಟಿ ಮಾಡಿ: ಇಸವಿ, ಘಟನೆ, ಊರು, ಆಧಾರ, ಮತ್ತು ಖಚಿತವೋ ಅಂದಾಜೋ ಕೇಳಿದ್ದೋ ಎಂಬ ಗುರುತು. ಎರಡು ಆಧಾರ ಪರಸ್ಪರ ಹೊಂದದಿದ್ದರೆ ಎರಡನ್ನೂ ಉಳಿಸಿ. ಎಂಟುನೂರು, ಸಾವಿರ ಪದದ ಬರಹ ಒಬ್ಬರಿಗೆ ಸಾಕು. "ಬಹಳ ಕಷ್ಟಪಟ್ಟು ಮಕ್ಕಳನ್ನು ಓದಿಸಿದರು" ಎಂಬ ವಾಕ್ಯ ಬಂದ ಕೂಡಲೇ ನಿಲ್ಲಿಸಿ, ಕಷ್ಟ ಎಂದರೇನು ಎಂದು ಕೇಳಿಕೊಳ್ಳಿ. "1968ರಿಂದ ಹನ್ನೊಂದು ವರ್ಷ ಬೆಳಿಗ್ಗೆ ಮೂರು ಮನೆಗೆ ಹಾಲು ಹಾಕಿ ಬಂದು ಬೀಡಿ ಕಟ್ಟಲು ಕೂರುತ್ತಿದ್ದರು, ದಿನಕ್ಕೆ ಎಂಟುನೂರು, ಹಿರಿಯ ಮಗಳ ಎಸ್ಸೆಸ್ಸೆಲ್ಸಿ ಫೀಸು ಕಟ್ಟಿದ್ದು ಆ ದುಡ್ಡಿನಲ್ಲಿ" ಎಂದು ಬರೆದರೆ ಗುಣಗಾನದ ಅಗತ್ಯವೇ ಬೀಳದು.

ಕಹಿ ವಿಷಯಗಳ ಬಗ್ಗೆ ಮೊದಲೇ ಒಪ್ಪಂದ ಇರಲಿ. ಎರಡನೆಯ ಸಂಸಾರ, ಆತ್ಮಹತ್ಯೆ, ಪಾಲಿನ ಜಗಳ, ಕುಡಿತ: ಇವು ಬದುಕಿರುವವರನ್ನು ನೋಯಿಸುತ್ತವೆ, ಬಿಟ್ಟರೆ ಬದುಕೇ ಅರ್ಥವಾಗದೆ ಹೋಗಬಹುದು. ಕೆಲಸ ಮಾಡುವ ಉಪಾಯವೆಂದರೆ ಎರಡು ಪ್ರತಿ. ಹಂಚುವ ಪ್ರತಿಯಲ್ಲಿ ಮೌನ, ಮನೆಯ ಪ್ರತಿಯಲ್ಲಿ ಪೂರ್ತಿ, ಅದರ ಮೇಲೆ ಯಾವ ಇಸವಿಯ ನಂತರ ತೆರೆಯಬಹುದು ಎಂಬ ಬರಹ. ಇಲ್ಲದ್ದನ್ನು ಸೇರಿಸುವುದು ಮಾತ್ರ ಯಾವ ಪ್ರತಿಯಲ್ಲೂ ಬೇಡ. ಹಂಚುವ ಪ್ರತಿಯಲ್ಲಿ ಬದುಕಿರುವವರ ಜನ್ಮದಿನಾಂಕ, ಆಧಾರ್ ನಂಬರು, ಸರ್ವೆ ನಂಬರು ಇರಕೂಡದು. ಈ ಮೂರು ಒಟ್ಟಿಗೆ ಸಿಕ್ಕರೆ ಮೋಸಗಾರರಿಗೆ ಹಬ್ಬ.

ಕಡತಗಳಿಗೆ "1974_ನಮೂನೆ7_ಅಜ್ಜ_ಪುಟ1" ಎಂಬಂತೆ ಇಸವಿಯಿಂದ ಶುರುವಾಗುವ ಹೆಸರಿಡಿ, ತಾವಾಗಿ ಕ್ರಮಕ್ಕೆ ಕೂರುತ್ತವೆ. ಮೂರು ಪ್ರತಿ ಬೇಕು: ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಆನ್‌ಲೈನ್ ಸಂಗ್ರಹದಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ. ವಾಟ್ಸಾಪಿನಲ್ಲಿ ಫೋಟೋವಾಗಿ ಕಳಿಸಿದರೆ ಅದು ಕುಗ್ಗಿ ಹಾಳಾಗುತ್ತದೆ, "ಡಾಕ್ಯುಮೆಂಟ್" ಆಗಿ ಕಳಿಸಿ. ವಿದೇಶದಲ್ಲಿರುವ ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಬರಹವನ್ನು ಮನೆಯವರ ದನಿಯಲ್ಲಿ ಓದಿ ಕಳಿಸಬಹುದು. ಊರಿಗೆ ಸಂಬಂಧಿಸಿದವರದಾದರೆ ಒಂದು ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೂ ಶಾಲೆಗೂ ಹೋಗಲಿ.

ಮೊದಲ ಮುದ್ರಣವನ್ನು ಕೊನೆಯದೆಂದು ಭಾವಿಸಬೇಡಿ. ಎ4 ಹಾಳೆಯಲ್ಲಿ ಒಂದೇ ಬದಿಗೆ, ಬಲಗಡೆ ಮೂರು ಬೆರಳಗಲ ಖಾಲಿ ಬಿಟ್ಟು, ದೊಡ್ಡ ಅಕ್ಷರದಲ್ಲಿ ಹತ್ತು ಪ್ರತಿ ತೆಗೆಸಿ, ತಿಥಿಗೋ ಪಕ್ಷಕ್ಕೋ ಎಲ್ಲರೂ ಸೇರಿದಾಗ ಪೆನ್ಸಿಲ್ ಜೊತೆ ಕೈಗೆ ಕೊಡಿ. ಊಟದ ಹೊತ್ತಿಗೆ "ಇದು ತಪ್ಪು, ಅವತ್ತು ಬಂದಿದ್ದು ದೊಡ್ಡಮ್ಮ, ಚಿಕ್ಕಮ್ಮ ಅಲ್ಲ" ಎಂಬ ಟಿಪ್ಪಣಿಗಳು ಅಂಚಿನಲ್ಲಿ ತುಂಬಿರುತ್ತವೆ. ಪ್ರತಿ ತಿದ್ದುಪಡಿಯ ಕೆಳಗೆ ಹೇಳಿದವರ ಹೆಸರು ಬರೆಸಿಕೊಂಡು ಹಾಳೆಗಳನ್ನು ವಾಪಸು ತೆಗೆದುಕೊಳ್ಳಿ. ಎರಡನೆಯ ಆವೃತ್ತಿಗೆ ಅವೇ ಆಧಾರ.